ಗ್ರಾಫಿಕ್ಸ್ ಕಾರ್ಡನ್ನು ಕೊನೆಗೆ ಕೊಳ್ಳಿ

ಹೋದ ವಾರ ಸಾಗರದಿಂದ ಅಕ್ಕನ ಮಗ ಫೋನು ಮಾಡಿದ್ದ. ಈ ಸಲದ ರಾಶಿ ಅಡಿಕೆ ಮಂಡಿಗೆ ಹೋಗಿ ಲೆಕ್ಕ ಚುಕ್ತಾ ಆಗಿದೆಯಂತೆ, ಅಪ್ಪನಿಂದ ನಲವತ್ತು ಸಾವಿರ ರೂಪಾಯಿಗೆ ಒಪ್ಪಿಗೆಯೂ ಸಿಕ್ಕಿದೆಯಂತೆ. "ಮಾವ, ಫ್ಲೈಟ್ ಸಿಮ್ಯುಲೇಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ ಹೇಳಿ" ಎಂದ. ಫ್ಲೈಟ್ ಸಿಮ್ಯುಲೇಟರ್ ಎಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ, ಗ್ರಾಫಿಕ್ಸ್ ಕಾರ್ಡ್ ಎಂದರೆ ಅದರ ಚಿತ್ರ ಬಿಡಿಸುವ ಭಾಗ. ಕಾರ್ಡನ್ನೇ ಕೊಳ್ಳಬೇಕೆಂದು ಅವನು ಆಗಲೇ ತೀರ್ಮಾನಿಸಿಯಾಗಿತ್ತು, ಯಾವ ಕಾರ್ಡು ಎಂಬುದಷ್ಟೇ ಬಾಕಿ. ನಾನೂ ಒಮ್ಮೆ ಇದೇ ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಇಪ್ಪತ್ತಾರು ಸಾವಿರ ಕಳೆದುಕೊಂಡವನಾದ್ದರಿಂದ, ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಹುಚ್ಚು ಶುರುವಾದದ್ದು ಶಿವಮೊಗ್ಗದ ಸೊಗಾನೆಯ ವಿಮಾನ ನಿಲ್ದಾಣದಿಂದ. 2023ರ ಫೆಬ್ರುವರಿಯಲ್ಲಿ ಅದರ ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಎಟಿಆರ್ ವಿಮಾನ ಬಂದಿಳಿಯಿತು. ಆ ಸುದ್ದಿ ಓದಿದ ರಾತ್ರಿಯೇ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯನ್ನು ಇಳಿಸಿಕೊಳ್ಳಲು ಹಚ್ಚಿದೆ. ತೀರ್ಥಹಳ್ಳಿಯ ಪಕ್ಕದ ನಮ್ಮ ಹಳ್ಳಿಯ ನೆಟ್ಟಿನಲ್ಲಿ ಅದು ಪೂರ್ತಿ ಇಳಿಯಲು ಐದು ರಾತ್ರಿ ಬೇಕಾಯಿತು. ಮನೆಯಲ್ಲಿದ್ದದ್ದು 2019ರಲ್ಲಿ ಜೋಡಿಸಿದ ಕಂಪ್ಯೂಟರ್: ಲೆಕ್ಕವೆಲ್ಲ ಮಾಡುವ ರೈಜನ್ 5 2600 ಪ್ರೊಸೆಸರ್, ಎಲ್ಲವನ್ನೂ ಕೂರಿಸುವ ಬಿ450 ಮದರ್‌ಬೋರ್ಡ್, 16 ಜಿಬಿ ಮೆಮೊರಿ, 4 ಜಿಬಿಯ ಒಂದು ಜಿಟಿಎಕ್ಸ್ 1650 ಕಾರ್ಡು. ಮಂಗಳೂರಿನಿಂದ ಹಾರಿ ಘಟ್ಟ ಹತ್ತಿ, ಕೊಡಚಾದ್ರಿಯನ್ನು ಬಲಕ್ಕೆ ಬಿಟ್ಟು ಶರಾವತಿಯ ಹಿನ್ನೀರಿನ ಮೇಲೆ ಹೋಗುವಾಗ ಹೇಗೋ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಇಳಿಯಲು ಹೋದರೆ ಮಾತ್ರ ಸೆಕೆಂಡಿಗೆ ಹತ್ತೊಂಬತ್ತು, ಇಪ್ಪತ್ತು ಫ್ರೇಮು, ಅಂದರೆ ಅಷ್ಟೇ ಬಿಡಿ ಚಿತ್ರಗಳು. ರನ್‌ವೇ ಹತ್ತಿರ ಬಂದಂತೆಲ್ಲ ಚಿತ್ರ ತಡೆತಡೆದು, ಮೂಗು ಎತ್ತುವ ಹೊತ್ತಿಗೆ ವಿಮಾನ ಆಗಲೇ ನೆಲಕ್ಕೆ ಅಪ್ಪಳಿಸಿರುತ್ತಿತ್ತು.

ಶಿವಮೊಗ್ಗದ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯವರು "ಸಾರ್, ಗೇಮ್ ಅಂದ್ಮೇಲೆ ಕಾರ್ಡೇ ಮುಖ್ಯ" ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ, ಬೇರೆ ಆಟಗಳಿಗೆ ಅದು ಬಹುಮಟ್ಟಿಗೆ ನಿಜ. 12 ಜಿಬಿಯ ಆರ್‌ಟಿಎಕ್ಸ್ 3060 ತಂದು ಹಾಕಿದೆ. ಮೋಡಗಳು ಹತ್ತಿ ಬಿಡಿಸಿಟ್ಟ ಹಾಗೆ ಕಂಡವು, ಕಾಕ್‌ಪಿಟ್‌ನ ಅಕ್ಷರಗಳು ನಿಚ್ಚಳವಾದವು. ಆದರೆ ಬೆಂಗಳೂರಿನ ಇಳಿತದಲ್ಲಿ ಬಂದದ್ದು ಇಪ್ಪತ್ತೆರಡು ಫ್ರೇಮು! ಇಪ್ಪತ್ತಾರು ಸಾವಿರಕ್ಕೆ ಎರಡು ಫ್ರೇಮು ಎಂದು ನಾನು ಲೆಕ್ಕ ಹಾಕಿದ್ದನ್ನು ಮನೆಯವಳು ಇನ್ನೂ ಮರೆತಿಲ್ಲ.

ಕಾರಣ ಸಿಮ್ಯುಲೇಟರ್‌ನ ಒಳಗೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರುವ ಮೆನುವಿನಲ್ಲಿ ಫ್ರೇಮ್ ರೇಟ್ ತೋರಿಸುವ ಕಿಟಕಿಯನ್ನು ತೆರೆದರೆ ಅದರಲ್ಲಿ ಒಂದು ಸಾಲು ಕಾಣುತ್ತದೆ. ‘ಲಿಮಿಟೆಡ್ ಬೈ ಜಿಪಿಯು’ ಎಂದಿದ್ದರೆ ಕಾರ್ಡು ಸೋಲುತ್ತಿದೆ, ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಎಂದಿದ್ದರೆ ಪ್ರೊಸೆಸರ್ ಸೋಲುತ್ತಿದೆ. ನನ್ನಲ್ಲಿ ಬೆಂಗಳೂರಿನ ಇಳಿತದುದ್ದಕ್ಕೂ ಇದ್ದದ್ದು ಎರಡನೆಯದು. ಸಂಶಯವಿದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು. ರೆಸಲ್ಯೂಷನ್ನನ್ನು, ಅಂದರೆ ಚಿತ್ರದ ಚುಕ್ಕಿಗಳ ಸಂಖ್ಯೆಯನ್ನು, ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ಫ್ರೇಮು ಏರದಿದ್ದರೆ ಕಾರ್ಡಿನದು ತಪ್ಪಲ್ಲ.

ಅಡಿಕೆ ಕೊಯ್ಲಿನ ಮನೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವೇನಲ್ಲ. ಸುಲಿಯಲು ಇಪ್ಪತ್ತು ಜನ ಮೆಟ್ಟುಗತ್ತಿ ಹಿಡಿದು ಕೂತಿದ್ದರೂ ಬೇಯಿಸುವ ಹಂಡೆ ಒಂದೇ ಆದರೆ, ದಿನಕ್ಕೆ ಎಷ್ಟು ಅಡಿಕೆ ಬೇಯುತ್ತದೆ ಎಂಬುದನ್ನು ಹಂಡೆಯೇ ತೀರ್ಮಾನಿಸುತ್ತದೆ. ವಿಮಾನದ ಚಲನೆ, ಅದರ ಉಪಕರಣಗಳು, ಉಳಿದ ವಿಮಾನಗಳ ಸಂಚಾರ, ಎದುರಿನ ನೆಲವನ್ನು ಎಷ್ಟು ದೂರದವರೆಗೆ ವಿವರವಾಗಿ ಚಿತ್ರಿಸಬೇಕೆಂಬ ಲೆಕ್ಕ, ಇವುಗಳಲ್ಲಿ ದೊಡ್ಡ ಪಾಲು ಪ್ರೊಸೆಸರ್‌ನ ಒಂದೇ ಸಾಲಿನಲ್ಲಿ, ಅಂದರೆ ಮೇನ್ ಥ್ರೆಡ್ಡಿನಲ್ಲಿ ಹಾದು ಹೋಗಬೇಕು. ಸೆಕೆಂಡಿಗೆ 30 ಫ್ರೇಮು ಬರಬೇಕಾದರೆ ಈ ಕೆಲಸವೆಲ್ಲ ಪ್ರತಿ ಸಲವೂ 33 ಮಿಲಿಸೆಕೆಂಡಿನ ಒಳಗೆ ಮುಗಿಯಬೇಕು. ಕಾರ್ಡು ಎಷ್ಟೇ ದೊಡ್ಡದಿದ್ದರೂ ಅದು ಈ ಸಾಲಿನ ಹಿಂದೆ ಕಾಯುತ್ತಾ ನಿಲ್ಲುತ್ತದೆ.

ಆದ್ದರಿಂದ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ನೆಲದ ವಿವರ ಎಷ್ಟು ದೂರದವರೆಗೆ ಎಂದು ಹೇಳುವ ಟೆರೇನ್ ಲೆವೆಲ್ ಆಫ್ ಡೀಟೇಲ್ ಎಂಬುದನ್ನು 200ರಲ್ಲಿ ಇಟ್ಟಿದ್ದರೆ 100ಕ್ಕೆ ಇಳಿಸಿ, ಕಂಪ್ಯೂಟರೇ ಹಾರಿಸುವ ಎಐ ವಿಮಾನಗಳ ಸಂಚಾರವನ್ನು ಕಡಿಮೆ ಮಾಡಿ, ಗ್ಲಾಸ್ ಕಾಕ್‌ಪಿಟ್‌ನ, ಅಂದರೆ ಪೈಲಟ್‌ನ ಎದುರಿನ ಪರದೆಗಳ, ರಿಫ್ರೆಶ್ ರೇಟನ್ನು ಮಧ್ಯಮಕ್ಕೆ ತನ್ನಿ. ಮೋಡಗಳನ್ನು ಇಳಿಸಬೇಡಿ, ಅವು ಕಾರ್ಡಿನ ಮೇಲಿನ ಭಾರ. ಆಮೇಲೆ ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನ ತಂತ್ರಾಂಶಕ್ಕೆ, ಹೋಗಿ ಮೆಮೊರಿಯ ವೇಗ ನೋಡಿ. ನನ್ನ ಮೆಮೊರಿ ಕಡ್ಡಿಗಳ ಮೇಲೆ 3000 ಎಂದು ಅಚ್ಚಾಗಿದ್ದರೂ ಅಚ್ಚಾದ ವೇಗಕ್ಕೆ ತರುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡದೆ ಇದ್ದುದರಿಂದ ಅವು ಇಷ್ಟು ವರ್ಷವೂ 2133ರಲ್ಲೇ ಓಡುತ್ತಿದ್ದವು. ಅಕ್ಕನ ಮಗನ ಕಂಪ್ಯೂಟರ್‌ನಲ್ಲಿ ಇನ್ನೊಂದು ಬಗೆಯ ತಪ್ಪು. ಜೋಡಿಸಿಕೊಟ್ಟವರು 16 ಜಿಬಿಯ ಒಂದೇ ಕಡ್ಡಿ ಹಾಕಿದ್ದಾರೆ, ಆದ್ದರಿಂದ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಎರಡು ದಾರಿಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, ಒಂದು ಖಾಲಿ ಕೂತಿದೆ. ಅಂಥದೇ ಇನ್ನೊಂದು ಕಡ್ಡಿ ಹಾಕಿದರೆ 32 ಜಿಬಿಯೂ ಆಯಿತು, ಎರಡು ಚಾನೆಲ್ಲೂ ಆಯಿತು.

ಇಷ್ಟಾದ ಮೇಲೂ ಮೇನ್ ಥ್ರೆಡ್ಡೇ ತಡೆಯುತ್ತಿದ್ದರೆ ಪ್ರೊಸೆಸರ್‌ಗೆ ಕೈ ಹಾಕಬೇಕು. ಎಎಂಡಿ ಕಂಪನಿಯ ಎಎಂ4 ಬಗೆಯ ಬೋರ್ಡು (ನನ್ನ ಬಿ450 ಅಂಥದು) ಇದ್ದವರ ಅದೃಷ್ಟವೆಂದರೆ, ಬೋರ್ಡನ್ನೂ ಮೆಮೊರಿಯನ್ನೂ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ನಾನು ಕೊಂಡದ್ದು 2024ರ ಜನವರಿಯಲ್ಲಿ ಬಂದ ರೈಜನ್ 7 5700ಎಕ್ಸ್3ಡಿ. ಅದರಲ್ಲಿ ಸಾಮಾನ್ಯವಾದ 32 ಎಂಬಿ ಎಲ್3 ಕ್ಯಾಶ್‌ನ, ಅಂದರೆ ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿಯ, ಮೇಲೆ ಇನ್ನೂ 64 ಎಂಬಿಯನ್ನು ಅಟ್ಟದಂತೆ ಕಟ್ಟಿದ್ದಾರೆ, ಒಟ್ಟು 96 ಎಂಬಿ. ನನ್ನ ಹಳೆಯ 2600ರಲ್ಲಿ ಇದ್ದದ್ದು 16 ಮಾತ್ರ. ಸುಲಿಯುವವಳ ಮಗ್ಗುಲಲ್ಲೇ ಅಡಿಕೆ ರಾಶಿ ಇದ್ದರೆ ಕೈ ಓಡುತ್ತದೆ, ಪ್ರತಿ ಬುಟ್ಟಿಗೂ ಎದ್ದು ಅಂಗಳಕ್ಕೆ ಹೋಗಿ ಬರಬೇಕಾದರೆ ಅರ್ಧ ದಿನ ನಡಿಗೆಯಲ್ಲೇ ಹೋಗುತ್ತದೆ. ಸಿಮ್ಯುಲೇಟರ್ ಪ್ರತಿ ಫ್ರೇಮಿಗೂ ಚದುರಿದ ಮಾಹಿತಿಯನ್ನು ಹೆಕ್ಕುತ್ತದೆ, ಅದಕ್ಕೇ ಈ ದೊಡ್ಡ ಕ್ಯಾಶ್ ಅದಕ್ಕೆ ಇಷ್ಟು ಒಗ್ಗಿದೆ. ಈ ಮಾದರಿ ಈಗ ಹೊಸದಾಗಿ ಸಿಗುವುದು ಕಷ್ಟ. ಸಿಗದಿದ್ದರೆ ರೈಜನ್ 5 5600 ಕೊಂಡರೂ 2600ರಿಂದ ಅದು ದೊಡ್ಡ ಜಿಗಿತವೇ, ಜೊತೆಗೆ ಅದರ ಪೆಟ್ಟಿಗೆಯಲ್ಲಿ ಅದನ್ನು ತಂಪಾಗಿಡುವ ಕೂಲರ್ ಕೂಡ ಬರುತ್ತದೆ. 5700ಎಕ್ಸ್3ಡಿಯ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಪೆಟ್ಟಿಗೆ ಬಿಚ್ಚಿದ ಮೇಲೆ. ಅದಕ್ಕಾಗಿ ಮತ್ತೊಮ್ಮೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಬಂದೆ.

ಪ್ರೊಸೆಸರ್ ಬದಲಿಸುವ ಮೊದಲು, ಹೊಸದನ್ನು ಬೋರ್ಡು ಗುರುತಿಸುವಂತೆ, ಹಳೆಯದು ಕೂತಿರುವಾಗಲೇ ಹೊಸ ಬಯಾಸ್ ಹಾಕಬೇಕು. ಹಾಕುವ ನಡುವೆ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ನಾನು ಇದನ್ನು ಮಾಡಲು ಹೊರಟದ್ದು ಪುನರ್ವಸು ಮಳೆಯಲ್ಲಿ. ಬೆಳಗಿನಿಂದ ನಾಲ್ಕು ಸಲ ಕರೆಂಟು ಹೋಗಿ ಬಂದಿತ್ತು. ಪೆನ್‌ಡ್ರೈವಿನಲ್ಲಿ ಫೈಲು ಇಟ್ಟುಕೊಂಡು, ಯುಪಿಎಸ್‌ನ ಬ್ಯಾಟರಿ ತುಂಬುವವರೆಗೆ ಕಾದು, ಮಾನಿಟರ್ ಮತ್ತು ಕ್ಯಾಬಿನೆಟ್ ಬಿಟ್ಟು ಬೇರೆಲ್ಲವನ್ನೂ ಅದರಿಂದ ಕಿತ್ತು ಶುರು ಮಾಡಿದೆ. ಪರದೆಯ ಮೇಲಿನ ಪಟ್ಟಿ ಅರವತ್ತು ಶೇಕಡಾ ದಾಟಿದಾಗ ಫ್ಯಾನು ನಿಂತಿತು, ದೀಪ ಹೋಯಿತು, ಯುಪಿಎಸ್ ಕೀಂಯ್ ಎಂದು ಕೂಗತೊಡಗಿತು. ಆ ಕತ್ತಲೆಯಲ್ಲಿ ಪಟ್ಟಿಯೊಂದೇ ಬೆಳಗುತ್ತಿತ್ತು, ನಿಧಾನವಾಗಿ ನೂರು ಮುಟ್ಟಿತು. ಅಷ್ಟು ಹೊತ್ತು ನಾನು ಕುರ್ಚಿಯ ಮೇಲೆ ಕೂತೇ ಇರಲಿಲ್ಲ.

ಅದಕ್ಕೇ ಮಲೆನಾಡಿನಲ್ಲಿ ನಲವತ್ತು ಸಾವಿರದ ಮೊದಲ ಪಾಲು ಯುಪಿಎಸ್‌ಗೆ ಹೋಗಬೇಕೆಂದು ನಾನು ಹೇಳುವುದು. ಮನೆಗೆಲ್ಲ ಹಾಕಿಸಿದ ಇನ್ವರ್ಟರ್ ಇದೆಯಲ್ಲ ಎನ್ನಬೇಡಿ. ಅನೇಕ ಹಳೆಯ ಇನ್ವರ್ಟರ್‌ಗಳು ಕೊಡುವುದು ಚೌಕಾಕಾರದ ಅಲೆಯ ಕರೆಂಟು, ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ (ಕಂಪ್ಯೂಟರ್‌ನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಕೆಲವು ಅದಕ್ಕೆ ಒಗ್ಗುವುದಿಲ್ಲ. ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದೂ ಉಂಟು. ಗುಡುಗು ಕೇಳಿದ ಕೂಡಲೇ ಪ್ಲಗ್ಗಿನ ಜೊತೆಗೆ ನೆಟ್ಟಿನ ತಂತಿಯನ್ನೂ ಕೀಳಿ. ನಮ್ಮಲ್ಲಿ ಒಮ್ಮೆ ಸಿಡಿಲು ಬಂದದ್ದು ಆ ತಂತಿಯಲ್ಲೇ, ಬೋರ್ಡಿನ ಲ್ಯಾನ್ ಪೋರ್ಟು ಅಂದಿನಿಂದ ಇಲ್ಲ.

ನೆಟ್ಟಿನ ವಿಷಯವನ್ನೂ ಖರೀದಿಗೆ ಮೊದಲೇ ಯೋಚಿಸಬೇಕು. ಸಿಮ್ಯುಲೇಟರ್‌ನ 2024ರ ಆವೃತ್ತಿ ಕಂಪ್ಯೂಟರ್‌ನಲ್ಲಿ ಜಾಗ ಕಡಿಮೆ ಹಿಡಿಯುತ್ತದೆ, ಆದರೆ ಬಹಳಷ್ಟನ್ನು ಹಾರುತ್ತಿರುವಾಗಲೇ ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನವರು ಶಿಫಾರಸು ಮಾಡುವ ವೇಗ 50 ಎಂಬಿಪಿಎಸ್. ಫೈಬರ್ ಬಾರದ ಊರಿನಲ್ಲಿ ನಾನಾದರೆ 2020ರದ್ದನ್ನೇ ಇಟ್ಟುಕೊಳ್ಳುತ್ತೇನೆ, ಇಲ್ಲವೇ ಎಕ್ಸ್-ಪ್ಲೇನ್ 12 ಎಂಬ ಇನ್ನೊಂದು ಸಿಮ್ಯುಲೇಟರ್ ಹಾಕಿ, ಬೇಕಾದಷ್ಟು ನೆಲದ ಚಿತ್ರವನ್ನು ಆರ್ಥೋ4ಎಕ್ಸ್‌ಪಿ ಎಂಬ ಉಚಿತ ತಂತ್ರಾಂಶದಿಂದ ಪೇಟೆಯಲ್ಲೇ ಮಾಡಿಕೊಂಡು ಹಾರ್ಡ್ ಡಿಸ್ಕಿನಲ್ಲಿ ತರುತ್ತೇನೆ.

ಕಾರ್ಡು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಸ ಪ್ರೊಸೆಸರ್ ಬಂದ ಮೇಲೆ ಬೆಂಗಳೂರಿನ ಇಳಿತದಲ್ಲಿ ನನಗೆ ಮೂವತ್ತೆಂಟು ಫ್ರೇಮು ಸಿಗುತ್ತಿದೆ, ಈಗ ಆ 3060 ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತಿದೆ. ಕೊಳ್ಳುವಾಗ 8 ಜಿಬಿಗಿಂತ 12 ಜಿಬಿಯದನ್ನು ಹುಡುಕಿ, ದೊಡ್ಡ ನಿಲ್ದಾಣಗಳಲ್ಲಿ ಕಾರ್ಡಿನ ಮೆಮೊರಿ ತುಂಬಿದರೆ ಬರುವ ತಡೆತ ಯಾವ ಸೆಟ್ಟಿಂಗಿನಿಂದಲೂ ಸುಲಭವಾಗಿ ಹೋಗದು. ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ಎದುರಿಗೇ ಅರ್ಧ ಗಂಟೆ ಓಡಿಸಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಎಥಿರಿಯಮ್ ಎಂಬ ಡಿಜಿಟಲ್ ಹಣದ ಗಣಿಗಾರಿಕೆ, ಅಂದರೆ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಅದನ್ನು ಗಳಿಸುವುದು, ನಿಂತ ಮೇಲೆ, ವರ್ಷಗಟ್ಟಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಹೊಸ ಡಬ್ಬಿಗಳಲ್ಲಿ ಕೈ ಬದಲಿಸಿವೆ.

ಎಎಂ4ರ ನಂತರ ಬಂದ ಹೊಸ ಎಎಂ5 ಬೋರ್ಡಿನ ಕಡೆಗೆ ಈ ವರ್ಷ ನೋಡಲೇ ಬೇಡ ಎಂದೂ ಹುಡುಗನಿಗೆ ಹೇಳಿದೆ. ಅದಕ್ಕೆ ಡಿಡಿಆರ್5 ಮೆಮೊರಿ ಬೇಕು, 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಅಡಿಕೆಯ ಬೆಲೆಯನ್ನೂ ನಾಚಿಸುವಂತೆ ಏರಿದೆ. ಅವನಿಗೆ ಬೇಕಾದ ಇನ್ನೊಂದು ಡಿಡಿಆರ್4 ಕಡ್ಡಿಯೂ ಈ ಏರಿಕೆಯಿಂದ ತಪ್ಪಿಸಿಕೊಂಡಿಲ್ಲ, ಹಳೆಯದು ಸಿಕ್ಕರೂ ಸಾಕು. ಉಳಿದ ಹಣದಲ್ಲಿ ಒಂದು ಸಾಧಾರಣ ಜಾಯ್‌ಸ್ಟಿಕ್ ಕೊಳ್ಳಲಿ, ತಿರುಗಿಸಿದರೆ ರಡ್ಡರ್ (ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೆಲಸ ಮಾಡುವಂಥದು. ಕೀಬೋರ್ಡಿನಲ್ಲಿ ಇಳಿಸುವವನಿಗೆ ಅರವತ್ತು ಫ್ರೇಮು ಕೊಟ್ಟೂ ಪ್ರಯೋಜನವಿಲ್ಲ. ವೆಬ್‌ಕ್ಯಾಮ್ ಇದ್ದರೆ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ತಲೆಯ ಚಲನೆಯನ್ನೇ ಹಿಡಿದು ಕಾಕ್‌ಪಿಟ್‌ನ ನೋಟವನ್ನು ತಿರುಗಿಸುತ್ತದೆ.

ಎಲ್ಲ ಕೇಳಿಸಿಕೊಂಡು ಅವನು "ಹಾಗಾದ್ರೆ ಕಾರ್ಡು ಬೇಡ್ವಾ ಮಾವ?" ಎಂದ. ಬೆಂಗಳೂರಿನಲ್ಲಿ ಇಳಿಯುವಾಗ ಆ ಸಾಲು ಏನು ಹೇಳುತ್ತದೆ ನೋಡಿ ಫೋಟೋ ಕಳಿಸು, ಆಮೇಲೆ ಮಾತಾಡೋಣ ಎಂದೆ. ನಿನ್ನೆ ರಾತ್ರಿ ವಾಟ್ಸಾಪಿಗೆ ಬಂದಿದೆ: ಹದಿನೇಳು ಫ್ರೇಮು, ಮೇನ್‌ಥ್ರೆಡ್.