ಬನ್ನಿನೊಳಗೊಂದು ಸದ್ದು

ಬಸವನಗುಡಿ ಕಡೆಯ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಬೇಕರಿಯೊಂದಿದೆ. ಬೋರ್ಡನ್ನು ಹೊಂಗೆ ಕೊಂಬೆ ಮುಚ್ಚಿಬಿಟ್ಟಿದೆ. ಕುರ್ಚಿ ಇಲ್ಲ. ಮೋರಿಗೆ ಹಾಸಿದ ಚಪ್ಪಡಿಯ ಮೇಲೆ ನಿಂತೇ ತಿನ್ನಬೇಕು. ನಾನು ಹೋಗುವುದು ಬನ್ ನಿಪ್ಪಟ್ಟಿಗೆ.

ಇದನ್ನು ಯಾರೂ ಸ್ಯಾಂಡ್‌ವಿಚ್ ಅನ್ನುವುದಿಲ್ಲ. ಆದರೆ ಮತ್ತಿನ್ನೇನು? 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಸಾಹೇಬರು ಇಸ್ಪೀಟು ಬಿಟ್ಟು ಏಳಲಾರದೆ ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡರಂತೆ. ನಮ್ಮವರು ನಿಪ್ಪಟ್ಟು ಇಟ್ಟರು, ಅಷ್ಟೇ.

ಅಂಗಡಿಯವರು ಬನ್ನನ್ನು ಪೂರ್ತಿ ಕೊಯ್ಯುವುದಿಲ್ಲ, ಒಂದು ಅಂಚು ಉಳಿಸುತ್ತಾರೆ. ಒಳಗೆ ಧಾರಾಳವಾಗಿ ಬೆಣ್ಣೆ, ಅದರ ಮೇಲೆ ಹಸಿರು ಚಟ್ನಿ, ನಿಪ್ಪಟ್ಟು, ಈರುಳ್ಳಿ, ಟೊಮೇಟೊ, ಕ್ಯಾರೆಟ್ ತುರಿ. ಕೊನೆಗೆ ಒಂದು ಹಿಡಿ ಕಾಂಗ್ರೆಸ್. ಮುಚ್ಚಿ, ಅಂಗೈಯಿಂದ ಒಮ್ಮೆ ಒತ್ತುತ್ತಾರೆ. ಒಳಗಿಂದ ‘ಚಟ್’ ಅಂತ ಸದ್ದು. ನನಗೆ ಬಾಯಲ್ಲಿ ನೀರು ಬರುವುದು ಆಗಲೇ.

ಕಾಂಗ್ರೆಸ್ ಅಂದರೆ ಖಾರ ಹಚ್ಚಿದ, ಎರಡು ಹೋಳಾದ ಕಡಲೆಬೀಜ. 1969ರಲ್ಲಿ ಪಕ್ಷ ಇಬ್ಭಾಗವಾದಾಗ ಈ ಹೆಸರು ಬಿತ್ತು ಅನ್ನುತ್ತಾರೆ. ಒಡಕು ಜೋರಾದ ಜುಲೈ ಅಧಿವೇಶನ ನಡೆದದ್ದೂ ಇಲ್ಲೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಆಮೇಲೆ ಎಷ್ಟೋ ಪಕ್ಷಗಳು ಒಡೆದವು. ಪಾಪ, ಒಂದರ ಹೆಸರೂ ತಿಂಡಿಗೆ ಬರಲಿಲ್ಲ.

ಈ ಬನ್ನಿಗೆ ಆಯಸ್ಸು ಕಮ್ಮಿ. ಅದು ಗೊತ್ತಿದ್ದೂ ಒಮ್ಮೆ ಅಪ್ಪನಿಗೆ ಪಾರ್ಸೆಲ್ ಕಟ್ಟಿಸಿದೆ. ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹೋಯಿತು. ಮನೆ ಮುಟ್ಟುವಷ್ಟರಲ್ಲಿ ನಿಪ್ಪಟ್ಟು ಟೊಮೇಟೊ ನೀರು ಕುಡಿದು, ಮೆತ್ತಗಾಗಿ, ಬನ್ನಿನ ಜೊತೆ ಮೈತ್ರಿ ಮಾಡಿಕೊಂಡಿತ್ತು. ಅಪ್ಪ ನಿಧಾನವಾಗಿ ತಿಂದು ಮುಗಿಸಿ, “ಚಪಾತಿ ರೋಲ್ ಚೆನ್ನಾಗಿದೆ ಕಣೋ” ಅಂದರು.

ಮುಂದಿನ ಭಾನುವಾರ ಅವರನ್ನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

“ಯಜಮಾನ್ರಿಗೆ ಖಾರ ಕಮ್ಮಿ ಮಾಡ್ಲಾ ಸಾರ್?” ಅಂಗಡಿಯವರು ನನ್ನನ್ನು ಕೇಳಿದರು.

ಅಪ್ಪನಿಗೆ ರೇಗಿತು. “ಜಾಸ್ತಿನೇ ಹಾಕಪ್ಪ.”

ಎರಡೂ ಕೈಯಲ್ಲಿ ಹಿಡಿದು ಕಚ್ಚಿದರು. ಕರುಂ ಅಂದಿತು. ಕ್ಯಾರೆಟ್ ತುರಿ ಜೇಬಿಗೆ ಬಿತ್ತು, ಮೂಗಿನ ತುದಿಗೆ ಬೆಣ್ಣೆ ಹತ್ತಿತು, ಕಣ್ಣಲ್ಲಿ ನೀರು ತುಂಬಿತು. ಗಾಬರಿಯಾಗಿ ನೀರಿನ ಬಾಟಲಿ ಚಾಚಿದೆ. ಅವರು ಅದನ್ನು ಇಸಿದುಕೊಂಡು ಗಾಜಿನ ಕಪಾಟಿನ ಮೇಲಿಟ್ಟು, ಉಳಿದರ್ಧ ಬನ್ನನ್ನು ಅಂಗಡಿಯವರ ಮುಂದೆ ಹಿಡಿದು, ಇನ್ನಷ್ಟು ಕಾಂಗ್ರೆಸ್ ಹಾಕಿಸಿಕೊಂಡರು.