ಪೈರೇಟ್ಸ್ ಬಡವರೋ, ಜಿಪುಣರೋ?

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೇಸ್‌ಬಾಲ್ ಮಾತು ತೆಗೆದರೆ ಸಾಕು, ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ಗೆ ಬೈಗುಳ ಶುರು. ಸುಮ್ಮನೆ ಬೈಯುವುದಲ್ಲ. ಶೋಹೆ ಓಟಾನಿಗೆ ಅವರು ಕೊಟ್ಟಿದ್ದು ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ನಮ್ಮೂರಿನ ತಂಡ ಪೈರೇಟ್ಸ್ 2023ರಲ್ಲಿ ಬ್ರಯನ್ ರೆನಾಲ್ಡ್ಸ್‌ಗೆ ಎಂಟು ವರ್ಷಕ್ಕೆ ಸುಮಾರು 10.7 ಕೋಟಿ ಕೊಟ್ಟಾಗ, ತಂಡದ ಇತಿಹಾಸದಲ್ಲೇ ಅದು ಅತಿ ದೊಡ್ಡ ಒಪ್ಪಂದ! 2024 ಮತ್ತು 2025ರ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್ ಸರಣಿ) ಎರಡೂ ಡಾಡ್ಜರ್ಸ್ ಪಾಲಾದವು. ಪೈರೇಟ್ಸ್ ಕೊನೆಯ ಸಲ ಗೆದ್ದದ್ದು 1979ರಲ್ಲಿ.

ಬೆಂಗಳೂರಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಇದನ್ನು ಹೇಳಿದರೆ, "ಭಾವ, ಅಲ್ಲಿ ಪರ್ಸ್ ಲಿಮಿಟ್ಟೇ ಇಲ್ವಾ?" ಅಂದ. ಇಲ್ಲ. ತಂಡದ ಒಟ್ಟು ಸಂಬಳಕ್ಕೆ ಒಂದು ಗೆರೆ ಇದೆ, 2025ರಲ್ಲಿ 24.1 ಕೋಟಿ ಡಾಲರ್. ದಾಟಿದವರು ತೆರಿಗೆ ಕಟ್ಟಬೇಕು. ದುಡ್ಡಿದ್ದವರು ಟೋಲ್ ಕಟ್ಟಿದ ಹಾಗೆ ಕಟ್ಟಿ ಮುಂದೆ ಹೋಗುತ್ತಾರೆ. ಐಪಿಎಲ್‌ನಲ್ಲಿ 2025ಕ್ಕೆ ಎಲ್ಲ ತಂಡಕ್ಕೂ ಒಂದೇ ಪರ್ಸ್, 120 ಕೋಟಿ ರೂಪಾಯಿ. ಅದಕ್ಕೇ 2008ರಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಮಾರಾಟವಾದ ರಾಜಸ್ಥಾನ ಮೊದಲ ವರ್ಷವೇ ಕಪ್ ಎತ್ತಿತು, ದುಡ್ಡಿನ ಊರಿನ ಆರ್‌ಸಿಬಿ 'ಈ ಸಲ ಕಪ್ ನಮ್ದೇ' ಅನ್ನುತ್ತಾ 18ನೇ ಸೀಸನ್‌ವರೆಗೆ ಕಾಯಿತು.

ಆದರೆ ಐಪಿಎಲ್‌ನಿಂದ ಪಿಟ್ಸ್‌ಬರ್ಗ್‌ಗೆ ಬರಬೇಕಾದದ್ದು ಆ ಮೇಲಿನ ಮಿತಿ ಅಲ್ಲ, ಇನ್ನೊಂದು ನಿಯಮ: ಪರ್ಸ್‌ನ ಮುಕ್ಕಾಲು ಭಾಗವನ್ನಾದರೂ ಪ್ರತಿ ತಂಡ ಖರ್ಚು ಮಾಡಲೇಬೇಕು. ಬೇಸ್‌ಬಾಲ್‌ನಲ್ಲಿ ಅಂಥ ಕನಿಷ್ಠ ಮೊತ್ತ ಇಲ್ಲ. ತಂಡಗಳೆಲ್ಲ ಸ್ಥಳೀಯ ಆದಾಯದ ಶೇ 48ರಷ್ಟನ್ನು ಒಟ್ಟು ಹಾಕಿ 30 ಪಾಲು ಮಾಡುತ್ತವೆ, ಸಣ್ಣ ಊರಿನವರಿಗೆ ಅದರಲ್ಲಿ ಲಾಭವೇ. ಆ ದುಡ್ಡು ಆಟಕ್ಕೆ ಹೋಗಬೇಕೆಂದು ಬರೆದಿದೆ, ಎಷ್ಟು ಎಂದು ಬರೆದಿಲ್ಲ. ಹೀಗೆ ಬಂದದ್ದನ್ನು ಸರಿಯಾಗಿ ಬಳಸಿಲ್ಲ ಎಂದು ಆಟಗಾರರ ಸಂಘ 2018ರಲ್ಲಿ ನಾಲ್ಕು ತಂಡಗಳ ಮೇಲೆ ತಕರಾರು ಹಾಕಿತ್ತು. ಪೈರೇಟ್ಸ್ ಅದರಲ್ಲಿ ಒಂದು.

2025ರ ಏಪ್ರಿಲ್‌ನಲ್ಲಿ, ತವರಿನ ಮೊದಲ ಪಂದ್ಯದ ದಿನ, 'ತಂಡ ಮಾರಿಬಿಡಿ' ಎಂಬ ಬ್ಯಾನರ್ ಕಟ್ಟಿಕೊಂಡು ವಿಮಾನವೊಂದು ಸುತ್ತು ಹೊಡೆಯಿತು. ಅದೇ ತಿಂಗಳು, ಇಲ್ಲಿನವರ ಆರಾಧ್ಯದೈವ, ತಂಡದ ಹಳೆಯ ಆಟಗಾರ ರೊಬರ್ಟೊ ಕ್ಲೆಮೆಂಟೆಯ 21ನೇ ನಂಬರಿನ ಗುರುತಿದ್ದ ಮೈದಾನದ ಗೋಡೆಯ ಮೇಲೆ ಮದ್ಯದ ಜಾಹೀರಾತು ಕಾಣಿಸಿಕೊಂಡಿತು. ಕುಟುಂಬ ಆಕ್ಷೇಪಿಸಿದ ಮೇಲೆ ಕ್ಷಮೆ ಕೇಳಿ ನಂಬರನ್ನು ಮತ್ತೆ ಹಾಕಿದರು. (ದೇವರ ಗೋಡೆಯನ್ನೂ ಬಾಡಿಗೆಗೆ ಕೊಡುವವರು!)

ಪೈರೇಟ್ಸ್‌ನ ಪಿಚರ್ (ಚೆಂಡೆಸೆಯುವವ) ಪಾಲ್ ಸ್ಕೀನ್ಸ್ ಪಾಡು ನೋಡಿ. 2025ರಲ್ಲಿ ಅವನ ಇಆರ್‌ಎ 1.97, ಅಂದರೆ ಒಂಬತ್ತು ಇನಿಂಗ್ಸಿಗೆ ಎರಡು ರನ್ ಕೂಡ ಕೊಟ್ಟಿಲ್ಲ. ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಅವನ ಖಾತೆಯಲ್ಲಿ ಗೆಲುವು 10, ಸೋಲೂ 10. ಅವನು ಚೆಂಡೆಸೆದು ಎದುರಾಳಿಯನ್ನು ಕಟ್ಟಿಹಾಕಿದರೂ, ರನ್ ಹೊಡೆಯುವವರು ಬೇಕಲ್ಲ! ತಂಡ 71 ಗೆದ್ದು 91 ಸೋತಿತು.

ಸಣ್ಣ ಊರು ಎಂಬ ನೆಪವೂ ನಿಲ್ಲುವುದಿಲ್ಲ. ಪಿಟ್ಸ್‌ಬರ್ಗ್‌ಗಿಂತ ದೊಡ್ಡ ಮಾರುಕಟ್ಟೆಯೇನಲ್ಲದ ಮಿಲ್ವಾಕಿ 2025ರಲ್ಲಿ 97 ಪಂದ್ಯ ಗೆದ್ದು ಇಡೀ ಲೀಗಿಗೇ ಮೊದಲಿತ್ತು. ಕೊನೆಗೆ ಡಾಡ್ಜರ್ಸ್ ಎದುರು 4-0 ಮುಗ್ಗರಿಸಿತು, ಅದು ಬೇರೆ ಮಾತು. ನಮ್ಮೂರಲ್ಲೇ, ಅದೇ ನದಿಯ ದಡದಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ಸ್ಟೀಲರ್ಸ್ ಇದ್ದಾರೆ, ಆರು ಸೂಪರ್ ಬೌಲ್ (ಆ ಆಟದ ಫೈನಲ್) ಗೆದ್ದವರು. ಆ ಲೀಗಿನಲ್ಲಿ ಮಿತಿಯೂ ಇದೆ, ಕನಿಷ್ಠವೂ ಇದೆ.

ಐಪಿಎಲ್‌ನ ಹರಾಜನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಯಾವ ಊರಿಗೆ ಆಡಬೇಕೆಂಬುದನ್ನು ಆಟಗಾರನ ಕೈಯಿಂದ ಕಿತ್ತುಕೊಳ್ಳುವ ಪದ್ಧತಿ ಅದು. ಸಂಬಳದ ಮಿತಿ ಹೇರಲು ಹೋಗಿ 1994ರಲ್ಲಿ ಮುಷ್ಕರವಾಗಿ ವರ್ಲ್ಡ್ ಸೀರೀಸೇ ರದ್ದಾಗಿತ್ತು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಇರುವ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಬರೀ ಮಿತಿ ತಂದರೆ ಡಾಡ್ಜರ್ಸ್ ಮಾಲೀಕರಿಗೆ ದುಡ್ಡು ಉಳಿಯುತ್ತದೆ, ನಮ್ಮ ಮಾಲೀಕರು ಒಂದು ಡಾಲರ್ ಕೂಡ ಹೆಚ್ಚು ಬಿಚ್ಚಬೇಕಿಲ್ಲ. ಪೈರೇಟ್ಸ್ ಜೊತೆ ಹೊಸ ಒಪ್ಪಂದವಾಗದಿದ್ದರೆ 2029ರ ಸೀಸನ್ ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗಲು ಸ್ಕೀನ್ಸ್ ಸ್ವತಂತ್ರ. ಮೊದಲು ಕನಿಷ್ಠ ಮೊತ್ತ ಗೊತ್ತುಮಾಡಲಿ, ಮಿತಿಯ ಮಾತು ಆಮೇಲೆ ಆಡೋಣ.