ಸತ್ಯಾಂಶ: ಮಾಸು (ಪ್ಲಾಸೆಂಟಾ) ಕೆಳಗಿದ್ದರೆ ಮಗು ಉಳಿಯುವುದಿಲ್ಲವೇ?

“ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದು ಬಂದರೆ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು, ಎದ್ದರೆ ತಾಯಿ-ಮಗು ಇಬ್ಬರಿಗೂ ಅಪಾಯ” ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದನ್ನು ಓದಿ ನಿದ್ದೆಗೆಟ್ಟ ಗರ್ಭಿಣಿಯರ ಬಗ್ಗೆ ನಿಜಕ್ಕೂ ಸಂಕಟವಾಗುತ್ತದೆ.

20ನೇ ವಾರದಲ್ಲಿ ಮಾಸು ಕೆಳಗಿರುವ, ಅಂದರೆ ಗರ್ಭಕೋಶದ ಬಾಯಿಯ ಹತ್ತಿರ ಅಥವಾ ಮೇಲೆಯೇ ಇರುವ 10 ಮಂದಿಯಲ್ಲಿ ಸುಮಾರು 9 ಮಂದಿಗೆ ಹೆರಿಗೆಯ ಹೊತ್ತಿಗೆ ಅದು ಮೇಲೆ ಸರಿದಿರುತ್ತದೆ. ಸರಿಯುವುದು ಅಂದರೆ ಮಾಸು ನಡೆದು ಹೋಗುವುದಲ್ಲ. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಮಾಸಿನ ಅಂಚು ಗರ್ಭಕೋಶದ ಬಾಯಿಯಿಂದ ದೂರವಾಗುತ್ತದೆ. ಅದಕ್ಕೇ 32ನೇ ವಾರದ ಸುಮಾರಿಗೆ ಇನ್ನೊಂದು ಸ್ಕ್ಯಾನ್ ಮಾಡುವುದು.

ಸದಾ ಮಲಗಿರುವುದರಿಂದ ಮಾಸು ಮೇಲೇರುತ್ತದೆ ಎನ್ನಲು ಆಧಾರವಿಲ್ಲ. ಉಲ್ಟಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಹಾಗಂತ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಾಸು ಕೊನೆಯವರೆಗೂ ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡೇ ಇದ್ದರೆ ಸಿಸೇರಿಯನ್ ಬೇಕೇ ಬೇಕು, ಸಾಮಾನ್ಯವಾಗಿ 36-37ನೇ ವಾರದಲ್ಲಿ. ನೋವೇ ಇಲ್ಲದೆ ಕೆಂಪು ರಕ್ತ ಕಾಣಿಸಿದರೆ, ಸ್ವಲ್ಪವೇ ಆದರೂ, ತಕ್ಷಣ ಆಸ್ಪತ್ರೆಗೆ ಹೋಗಿ. ಹಿಂದೆ ಸಿಸೇರಿಯನ್ ಆಗಿದ್ದರೆ ಮೊದಲೇ ತಿಳಿಸಿ. ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿರಬಹುದು, ಆಗ ರಕ್ತ ಸಿದ್ಧವಿರುವ ದೊಡ್ಡ ಆಸ್ಪತ್ರೆಯೇ ಬೇಕು. ಮಗುವಿಗಿರುವ ಮುಖ್ಯ ತೊಂದರೆ ಅವಧಿಗೆ ಮುಂಚಿನ ಜನನ. ಬೇಗ ಹೆರಿಗೆಯಾಗುವ ಸೂಚನೆಯಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮುಂಚಿತವಾಗಿ ಪತ್ತೆಯಾಗಿ, ಸರಿಯಾದ ಕಡೆ ಹೆರಿಗೆಯಾದ ಬಹುಪಾಲು ತಾಯಂದಿರು ಮಗುವಿನೊಂದಿಗೆ ಕ್ಷೇಮವಾಗಿ ಮನೆಗೆ ಮರಳುತ್ತಾರೆ.